ಬಾಗಿಲು ಬಡಿಯಬಾರದ ಬೀದಿ

ಜುಲೈ 3

ಕಾಲೇಜಿಗೆಂದು ಅಜ್ಜಿಯ ಊರಿಗೆ ಬಂದು ತಲುಪಿದೆ. ಮೊದಲ ದಿನವೇ ಎಡವಟ್ಟು.

ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ತಲೆಗೆ ತುಂಬಿದ ಪಾಠ: ಯಾರ ಬಾಗಿಲನ್ನೂ ಬಡಿಯದೆ ಒಳಗೆ ಹೋಗಬಾರದು. ಬೆರಳ ಗೆಣ್ಣಿನಿಂದ, ಮೆಲ್ಲಗೆ, ಮೂರು ಸಲ. ಆಮೇಲೆ ಕಾಯಬೇಕು. ಹಾಗೇ ಮಾಡಿದೆ. ಒಳಗೆ ಹಾಡುತ್ತಿದ್ದ ರೇಡಿಯೊ ನಿಂತಿತು. ಪಾತ್ರೆಯ ಸದ್ದೂ ನಿಂತಿತು. ಅಜ್ಜಿ ಬರುತ್ತಿದ್ದಾರೆ ಅಂದುಕೊಂಡೆ. ಬರಲಿಲ್ಲ. ಮತ್ತೆ ಬಡಿದೆ. ಈ ಸಲ ಪಕ್ಕದ ಮನೆಯ ಮಾತು ನಿಂತಿತು, ಎದುರು ಮನೆಯ ಹೊಲಿಗೆ ಯಂತ್ರ ನಿಂತಿತು. ಮಟಮಟ ಮಧ್ಯಾಹ್ನ, ಕೈಯಲ್ಲಿ ಸೂಟ್‌ಕೇಸು, ಇಡೀ ಬೀದಿ ಉಸಿರು ಹಿಡಿದು ನನ್ನನ್ನೇ ಕೇಳಿಸಿಕೊಳ್ಳುತ್ತಿದೆ ಅನ್ನಿಸಿತು.

ಕೊನೆಗೆ ಎದುರು ಕಿಟಕಿಯಿಂದ ಒಂದು ಹೆಂಗಸಿನ ಗಂಟಲು. "ಯಾರೇ ನೀನು?"

"ಮೊಮ್ಮಗಳು."

"ಯಾರ ಮೊಮ್ಮಗಳು?"

"ಈ ಮನೆಯವರ…"

"ಅದನ್ನ ನಂಗ್ಯಾಕೆ ಹೇಳ್ತೀಯ, ಬಾಗಿಲಿಗೆ ಹೇಳು!"

ಬಾಗಿಲಿಗೆ ಹೇಳಿದೆ. ಅದು ತೆರೆಯಲಿಲ್ಲ. ಅಜ್ಜಿ ಮನೆಯ ಪಕ್ಕದ ಓಣಿಯಿಂದ ಬಂದರು, ಹಿತ್ತಲ ಕಡೆಯಿಂದ. ಮೊದಲು ಮೂಲೆಯಲ್ಲಿ ಬರೀ ಮುಖ ಕಾಣಿಸಿತು. ನನ್ನನ್ನು, ನನ್ನ ಹಿಂದಿನ ಬೀದಿಯನ್ನು, ಮತ್ತೆ ನನ್ನನ್ನು ನೋಡಿದರು. ಎಷ್ಟೋ ವರ್ಷದ ಮೇಲೆ ಮೊಮ್ಮಗಳನ್ನು ಕಂಡು ಅವರು ಆಡಿದ ಮೊದಲ ಮಾತು: "ಬಾಯಿಲ್ವಾ ನಿಂಗೆ?"

ಸಾರಿ ಅಂದೆ. ಯಾತಕ್ಕೆ ಅಂತ ಗೊತ್ತಿಲ್ಲ.

ಅಮ್ಮನಿಗೆ ಫೋನ್ ಮಾಡಿದರೆ, "ಅಡ್ಜಸ್ಟ್ ಮಾಡ್ಕೋ ಚಿನ್ನು, ಹಾಸ್ಟೆಲ್ ಸೀಟು ಸಿಗೋವರೆಗೆ ತಾನೇ. ಅತ್ತೆ ಒಳ್ಳೆಯವರೇ, ಸ್ವಲ್ಪ ಒಂಥರಾ ಅಷ್ಟೇ" ಅಂದಳು. ಡ್ಯೂಟಿಗೆ ಹೊತ್ತಾಯಿತು ಅಂತ ಇಟ್ಟುಬಿಟ್ಟಳು. ನರ್ಸುಗಳಿಗೆ ಯಾವಾಗಲೂ ಡ್ಯೂಟಿಗೆ ಹೊತ್ತಾಗಿರುತ್ತದೆ.

ಜುಲೈ 5

ಎದುರು ಮನೆಯವರನ್ನು ಎಲ್ಲರೂ ಗುಂಡಿ ಅತ್ತೆ ಅನ್ನುತ್ತಾರೆ. ದರ್ಜಿ. ಹಿಂದೆ ಪರದೇಶದ ಮಿಲಿಟರಿಯವರು ಇಲ್ಲಿ ಕ್ಯಾಂಪ್ ಹಾಕಿದ್ದಾಗ ಅವರ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರಂತೆ, ಹೆಸರು ಅಲ್ಲಿಂದ ಅಂಟಿದ್ದು. ನನಗೂ ಆಗಲೇ ಒಂದು ಹೆಸರಿಟ್ಟಿದ್ದಾರೆ: ಹಾಸ್ಟೆಲ್ಲು.

"ನೋಡು ಹಾಸ್ಟೆಲ್ಲು, ಈ ಬೀದೀಲಿ ಯಾರೂ ಬಾಗಿಲು ಬಡಿಯೋಲ್ಲ. ಹೊರಗೆ ನಿಂತು ಯಾರು ಅಂತ ಕೂಗ್ಬೇಕು. 'ನಾನು, ಹಾಲು.' 'ನಾನು, ಪೋಸ್ಟು.' ನಾನಾದ್ರೆ 'ನಾನು, ಗುಂಡಿ.' ಗೊತ್ತಾಯ್ತಾ?"

"ಯಾಕೆ ಅತ್ತೆ?"

"ಮಿಲಿಟರಿ ಕಾಲದ್ದು" ಅಂದು ಹಲ್ಲಿನಿಂದ ದಾರ ಕಡಿದರು. ಮಾತೂ ಅಲ್ಲಿಗೇ ಕಡಿಯಿತು.

ಬೇರೆಯವರಿಗೆ ಇದು ಸುಲಭವಿರಬಹುದು. ಕ್ಲಾಸಿನಲ್ಲಿ ಅಟೆಂಡೆನ್ಸ್‌ಗೆ 'ಪ್ರೆಸೆಂಟ್' ಅನ್ನುವಾಗಲೇ ನನ್ನ ಗಂಟಲು ಕಟ್ಟುತ್ತದೆ. ಬಾಗಿಲು ಬಡಿಯುವುದರಲ್ಲಿ ಒಂದು ಸುಖವಿದೆ, ಗಂಟಲಿನ ಕೆಲಸವನ್ನು ಬೆರಳು ಮಾಡಿಬಿಡುತ್ತದೆ.

ಕಾಲೇಜು ಇರುವುದೇ ಆ ಪರದೇಶದ ಸೈನ್ಯದವರ ಹಳೆಯ ಕ್ಯಾಂಪಿನಲ್ಲಿ. ಉದ್ದುದ್ದ ಹಾಲ್‌ಗಳು, ಗೋಡೆಯುದ್ದಕ್ಕೂ ಕಬ್ಬಿಣದ ಕೊಕ್ಕೆಗಳು. ಅವರು ಏನು ನೇತುಹಾಕುತ್ತಿದ್ದರೋ, ನಾವು ಬ್ಯಾಗು ನೇತುಹಾಕುತ್ತೇವೆ. ಲೇಡೀಸ್ ರೂಮು ಮುಂಚೆ ಜನರೇಟರ್ ಕೋಣೆಯಾಗಿತ್ತಂತೆ. ನೆಲದ ಮೇಲೆ ಕರಿ ಎಣ್ಣೆಯ ದೊಡ್ಡ ಕಲೆ ಇದೆ, ಎಷ್ಟು ಫಿನಾಯಿಲ್ ಹಾಕಿದರೂ ಹೋಗುವುದಿಲ್ಲ. ಹುಡುಗಿಯರು ಅದರ ಮೇಲೆ ನಿಂತೇ ತಲೆ ಬಾಚಿಕೊಳ್ಳುತ್ತಾರೆ.

ಜುಲೈ 9

ಸಂಜೆ ಬಾಗಿಲ ಮುಂದೆ ನಿಂತು "ಅಜ್ಜಿ, ನಾನು" ಅಂದೆ. ಬೆಕ್ಕಿನ ಮರಿ ಅಂದ ಹಾಗಿತ್ತು.

ಒಳಗಿನಿಂದ: "ಯಾವ ನಾನು?"

"ನಾನು… ಮೊಮ್ಮಗಳು."

"ಜೋರಾಗಿ ಹೇಳು. ಯಾರಾದ್ರೂ ಕದ್ದು ಕೇಳಿಸ್ಕೊಂಡ್ರೆ ಅವಮಾನ ಆಗುತ್ತಾ?"

ದಿನಾ ಇದೇ ಆಗಿದೆ.

ಈ ಮನೆಯ ಬಗ್ಗೆ ಹೆದರಿಕೆ ಆಗುವ ಸಂಗತಿಗಳನ್ನು ಬರೆದುಬಿಡುತ್ತೇನೆ, ಬರೆದರೆ ಕಡಿಮೆ ಆಗಬಹುದು. ಮುಂಬಾಗಿಲಿಗೆ ಹಗಲೂ ಅಗುಳಿ. ಹಿತ್ತಲ ಬಾಗಿಲಿಗೆ ಚಿಲಕವೇ ಇಲ್ಲ, ಕಿತ್ತು ಹಾಕಿದ ಗುರುತು ಮಾತ್ರ ಇದೆ. ಅಜ್ಜಿಯ ಚಪ್ಪಲಿ ಯಾವಾಗಲೂ ಹಿತ್ತಲ ಕಡೆ, ಹೊರಗೆ ಮುಖ ಮಾಡಿ. ಲಾರಿ ಹೋದರೆ ಒಲೆ ಆರಿಸುತ್ತಾರೆ. ಮಾತಿನ ನಡುವೆ ಇದ್ದರೂ ಆರಿಸಿ, ಲಾರಿಯ ಸದ್ದು ಪೂರ್ತಿ ಹೋಗುವವರೆಗೆ ನಿಂತು, ಮತ್ತೆ ಹಚ್ಚುತ್ತಾರೆ. ಹಾಲು ಇವತ್ತು ಎರಡು ಸಲ ಹಸಿಯಾಗಿಯೇ ಉಳಿಯಿತು.

ನನಗೆ ಹಾಸ್ಟೆಲ್ ಸೀಟು ಬೇಕು. ಪ್ಲೀಸ್. ಇಲ್ಲೇ ಇದ್ದರೆ ನಾನೂ ಹೀಗಾಗಿಬಿಡುತ್ತೇನೆ.

ಜುಲೈ 17

ಹಿಸ್ಟರಿ ಮೇಡಂ ಸ್ಟಾಫ್ ರೂಮಿಗೆ ಕರೆದರು. ಫೇಲ್ ಮಾಡುತ್ತಾರೆ ಅಂದುಕೊಂಡೆ, ಇನ್ನೂ ಪರೀಕ್ಷೆಯೇ ಆಗಿಲ್ಲ ಅನ್ನುವುದು ಹೊಳೆಯಲಿಲ್ಲ.

ವಿಷಯ ಬೇರೆ. ಇಲ್ಲಿದ್ದ ಆ ಸೈನಿಕರಲ್ಲಿ ಕೆಲವರು, ಈಗ ಮುದುಕರಾದವರು, ಮುಂದಿನ ತಿಂಗಳು ಊರು ನೋಡಲು ಬರುತ್ತಿದ್ದಾರಂತೆ. ಕಾಲೇಜಿನಲ್ಲಿ ನೆನಪುಗಳ ಪ್ರದರ್ಶನ. ಊರಿನವರ ಹತ್ತಿರ ಹಳೆಯ ಕಥೆಗಳನ್ನು ಕೇಳಿ ಬರೆದುಕೊಂಡು ಬರಬೇಕು, ಅವರು ಬಂದಾಗ ಇಂಗ್ಲಿಷಿನಲ್ಲಿ ಮಾತು ದಾಟಿಸಬೇಕು.

"ನಿನ್ನ ಇಂಗ್ಲಿಷ್ ಚೆನ್ನಾಗಿದೆಯಲ್ಲಮ್ಮ, ಹಾಸ್ಟೆಲ್ ಸ್ಕೂಲಿನವಳು. ನಿಮ್ಮಜ್ಜಿ ಕ್ಯಾಂಪಿನ ಲಾಂಡ್ರಿಯಲ್ಲಿ ಇದ್ದರಂತೆ! ಇಷ್ಟು ದಿನ ಹೇಳಲೇ ಇಲ್ಲ ನೀನು."

ನನಗೇ ಗೊತ್ತಿರಲಿಲ್ಲ.

"ಚೆನ್ನಾಗಿ ಮಾಡು. ವಾರ್ಡನ್ ಜೊತೆ ನಾನೇ ಸೀಟಿನ ಬಗ್ಗೆ ಮಾತಾಡ್ತೀನಿ."

ಸೀಟು! ಹೂಂ ಅಂದೆ. ಹೊರಗೆ ಬಂದ ಮೇಲೆ, ಎಲ್ಲರ ಮುಂದೆ ಮಾತಾಡಬೇಕು ಅನ್ನುವುದು ನೆನಪಾಯಿತು.

ಜುಲೈ 24

ಒಂದು ವಾರ ಬೀದಿ ಬೀದಿ ಸುತ್ತಿದೆ. ಎಲ್ಲೆಲ್ಲೂ ಹೊರಗೆ ನಿಂತು "ನಾನು, ಲಾಂಡ್ರಿ ಅಜ್ಜಿಯ ಮೊಮ್ಮಗಳು" ಎಂದು ಕೂಗಿದೆ. ಹಾಗಂದರೆ ಬಾಗಿಲು ಬೇಗ ತೆರೆಯುತ್ತದೆ.

ನೆನಪುಗಳೆಲ್ಲ ಸಿಹಿ. ಶನಿವಾರ ಬ್ಯಾಂಡ್ ಬಾರಿಸುತ್ತಿದ್ದರು. ಬಿಳಿ ಹೊದಿಕೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು, ಊರಿನವರು ಹೊದಿಕೆಯ ಆ ಕಡೆ ಕೂತು ಎಲ್ಲವನ್ನೂ ತಿರುಗುಮುರುಗಾಗಿ ನೋಡುತ್ತಿದ್ದರು, ಅದರಲ್ಲಿ ಎಲ್ಲರೂ ಎಡಗೈಯವರೇ. ಒಬ್ಬ ಲಾರಿಯ ಮೇಲಿನಿಂದ ಬಿಸ್ಕತ್ತು ಎಸೆಯುತ್ತಿದ್ದ, ಊರಿಗೆಲ್ಲ ಅವನು ಬಿಸ್ಕತ್ತು ಸಾಹೇಬ.

"ಬ್ಯಾಂಡ್ ಬಾರಿಸಿದ್ರೆ ನಾನೂ ಕುಣೀತಿದ್ದೆ. ಸುಳ್ಳು ಯಾಕೆ ಹೇಳ್ಲಿ" ಅಂದರು ಗುಂಡಿ ಅತ್ತೆ. "ಅವರ ಅಂಗಿಗೆ ನಾನು ಗುಂಡಿ ಗಟ್ಟಿಯಾಗಿ ಹಚ್ತಾನೇ ಇರ್ಲಿಲ್ಲ. ಉದುರಿದ್ರೆ ತಾನೆ ಮತ್ತೆ ಕೆಲಸ!" ನಕ್ಕರು. ಆಮೇಲೆ ನಮ್ಮ ಮನೆಯ ಕಡೆ ನೋಡಿ ನಗು ನಿಲ್ಲಿಸಿದರು.

ಅಜ್ಜಿಯನ್ನು ಕೇಳಿದೆ. "ನಂಗೇನೂ ನೆನಪಿಲ್ಲ. ಬಟ್ಟೆ ಒಗೀತಿದ್ದೆ. ಒಣಗ್ತಿತ್ತು."

"ಏನಾದರೂ ಒಂದು ಹೇಳಿ ಅಜ್ಜಿ, ಮೇಡಂ ಕೇಳುತ್ತಾರೆ."

"ಗಂಜಿ ಜಾಸ್ತಿ ಹಾಕಿಸ್ಕೊಳ್ಳೋರು. ಬರ್ಕೋ."

ಬರೆದುಕೊಂಡೆ.

ಆಗಸ್ಟ್ 2

ಬರೆಯಬೇಕೋ ಬೇಡವೋ.

ಅಜ್ಜ ಕಾಯಿಲೆಯಿಂದ ಹೋದರು ಅಂದುಕೊಂಡಿದ್ದೆ. ಅಮ್ಮ ಯಾವಾಗಲೂ "ನಿಮ್ಮಪ್ಪ ಚಿಕ್ಕವರಿದ್ದಾಗಲೇ ಅವರಪ್ಪ ಹೋದ್ರು" ಅಂತಷ್ಟೇ ಹೇಳುತ್ತಿದ್ದಳು. ಅಪ್ಪನೂ ನಾನು ಚಿಕ್ಕವಳಿದ್ದಾಗಲೇ ಕಾಯಿಲೆಯಿಂದ ಹೋದದ್ದು. ಹಾಗಾಗಿ ನಮ್ಮ ಮನೆಯಲ್ಲಿ ಗಂಡಸರು ಹಾಗೇ ಹೋಗುತ್ತಾರೆ ಅಂದುಕೊಂಡು ಸುಮ್ಮನಿದ್ದೆ.

ಇವತ್ತು ಗುಂಡಿ ಅತ್ತೆ ಹೇಳಿದರು. ಯಂತ್ರ ತುಳಿಯುತ್ತಲೇ ಹೇಳಿದರು, ನನ್ನ ಮುಖ ನೋಡಲಿಲ್ಲ.

ಅಜ್ಜ ಕ್ಯಾಂಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಕೊನೆಯ ವರ್ಷ ಕ್ಯಾಂಪಿನಲ್ಲಿ ಏನೇನೋ ಕಳುವಾಗಿ, ಸೈನ್ಯದವರಿಗೆ ಊರಿನವರ ಮೇಲೆಲ್ಲ ಅನುಮಾನ ಹತ್ತಿತು. ಬೀದಿಗೆ ಲಾರಿಯಲ್ಲಿ ಬಂದು ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗುತ್ತಿದ್ದರು. ಕೆಲವರು ವಾಪಸ್ ಬಂದರು. ಅಜ್ಜ ಊಟಕ್ಕೆ ಕೂತಿದ್ದಾಗ ಬಾಗಿಲು ಬಡಿದ ಸದ್ದು. ಗಲಾಟೆಯಿಲ್ಲ, ಕೂಗಾಟವಿಲ್ಲ. ಜನರೇಟರ್ ಕೆಟ್ಟಿದೆ, ಸ್ವಲ್ಪ ಬಾ, ಅಂದರು. ಅಜ್ಜ ಕೈ ತೊಳೆದು ಹೋದರು. ತಟ್ಟೆ ಹಾಗೇ ಮುಚ್ಚಿಟ್ಟಿತ್ತು.

"ಆಮೇಲೆ?"

"ಆಮೇಲೆ ಏನು, ಅಷ್ಟೇ. ನಿಮ್ಮಪ್ಪ ಇನ್ನೂ ತೆವಳ್ತಿದ್ದ. ಕೇಳೋಕೆ ಹೋದ್ರೆ, ಇಲ್ಲಿಗೆ ಅಂಥೋರು ಯಾರೂ ಬಂದೇ ಇಲ್ಲ ಅಂದ್ರು. ನಾವು ಹೆಂಗಸರೆಲ್ಲ ಸೇರಿ ಮಾತಾಡ್ಕೊಂಡ್ವಿ, ಇನ್ಮೇಲೆ ನಮ್ಮೋರು ಯಾರೂ ಬಾಗಿಲು ಬಡೀಬಾರದು. ಬಾಯಿ ಬಿಟ್ಟು ಹೇಳ್ಬೇಕು. ಬಡಿದ್ರೆ ಅವರೇ ಅಂತ ಲೆಕ್ಕ. ಒಲೆ ಆರ್ಸು, ಹಿತ್ತಲಿಗೆ ಓಡು."

ಯಂತ್ರ ನಿಲ್ಲಿಸಿದರು. "ಹೇಗೆ ಬಡಿದ್ರು ಗೊತ್ತಾ? ನೀನು ಬಂದ ದಿನ ಬಡಿದ್ಯಲ್ಲ, ಹಾಗೆ. ಮೆಲ್ಲಗೆ, ಮೂರು ಸಲ."

ಆಗಸ್ಟ್ 3

ಕ್ಲಾಸಿಗೆ ಹೋದೆ. ಲೇಡೀಸ್ ರೂಮಿಗೆ ಹೋಗಲಿಲ್ಲ. ತಲೆ ಬಾಚದೆಯೇ ಬಂದೆ.

ಆಗಸ್ಟ್ 8

ಮೇಡಂ ಕಾರ್ಯಕ್ರಮ ಬದಲಾಯಿಸಿದ್ದಾರೆ. ಬರುವವರಲ್ಲಿ ಬಿಸ್ಕತ್ತು ಸಾಹೇಬನೂ ಇದ್ದಾನೆ, ಇನ್ನೂ ಬದುಕಿದ್ದಾನೆ! ಅವನಿಗೆ ಲಾಂಡ್ರಿಯಲ್ಲಿದ್ದ ಹೆಂಗಸನ್ನು ನೋಡಬೇಕಂತೆ. ಮನೆಗೇ ಹೋಗಬೇಕಂತೆ. "ಎಂಥ ಮೊಮೆಂಟ್ ಅಲ್ವಾ!" ಅಂದರು ಮೇಡಂ.

ಅಜ್ಜನ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಇಷ್ಟೇ: "ಮೇಡಂ, ಬಾಗಿಲು ಬಡಿಯಬಾರದು. ಕೂಗಬೇಕು."

"ಓಕೆ, ಓಕೆ, ಅದೇನು ದೊಡ್ಡ ವಿಷಯ. ನೀನೇ ಕೂಗು."

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಅವರು ಮಡಿಸುತ್ತಿದ್ದ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಿಸಿದರು. ಮತ್ತೆ ಬಿಚ್ಚಿದರು.

"ಮಾರನೇ ದಿನ ಕೆಲಸಕ್ಕೆ ಹೋದೆ ಕಣೆ" ಅಂದರು. ಯಾವುದರ ಮಾರನೇ ದಿನ ಎಂದು ನಾನು ಕೇಳಲಿಲ್ಲ. "ಹೋಗದಿದ್ರೆ ನನ್ನ ಮೇಲೂ ಅನುಮಾನ ಬರುತ್ತೆ, ಮಗೂನ ಯಾರು ನೋಡ್ತಾರೆ ಅಂತ ಹೋದೆ. ಒಗೆಯೋ ರಾಶೀಲಿ ಒಂದು ಅಂಗಿ. ತೋಳಿನ ಮೇಲೆ ಕರೀ ಎಣ್ಣೆ. ಸುಮ್ಮನೆ ತಾಗಿದ್ದಲ್ಲ. ಹಿಡ್ಕೊಂಡಿದ್ದು. ಐದು ಬೆರಳೂ ಇತ್ತು."

ತಮ್ಮ ಕೈಯನ್ನು ನನ್ನ ತೋಳಿನ ಮೇಲಿಟ್ಟು ತೋರಿಸಿದರು. ಗಟ್ಟಿಯಾಗಿ ಹಿಡಿದರು.

"ಒಗೆದೆ. ಹೋಗ್ಲಿಲ್ಲ. ಇನ್ನೊಂದ್ಸಲ ಸೋಪು ಹಾಕಿ ಉಜ್ಜಿದೆ. ಲಾಂಡ್ರಿ ನೋಡ್ಕೊಳ್ಳೋ ಮಿಲಿಟರಿಯೋನು ನಿಂತು ನೋಡ್ತಿದ್ದ. ಹೋಯ್ತು."

"ಯಾರ ಅಂಗಿ ಅಜ್ಜಿ ಅದು?"

"ಎಲ್ಲಾ ಅಂಗೀನೂ ಒಂದೇ ಬಣ್ಣ ಮಗಾ."

ಕೈ ತೆಗೆಯುವುದನ್ನೇ ಮರೆತಿದ್ದರು. ನಾನೂ ನೆನಪು ಮಾಡಲಿಲ್ಲ. ಲಾರಿಯೊಂದು ಹೋಯಿತು. ಒಲೆಯ ಹತ್ತಿರ ಇದ್ದದ್ದು ನಾನೇ, ಆರಿಸಿದೆ.

ಆಗಸ್ಟ್ 10

ಇವತ್ತು ಮೇಡಂಗೆ ಎಲ್ಲ ಹೇಳಿದೆ, ಅರ್ಧ ಇಂಗ್ಲಿಷಿನಲ್ಲಿ. ಮನೆಗೆ ಬರುವುದು ಬೇಡ ಅಂದೆ. ಮೇಡಂ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೆಟ್ಟವರಲ್ಲ ಅವರು.

"ತುಂಬಾ ಬೇಜಾರಾಯ್ತಮ್ಮ. ಆದರೆ ಎಲ್ಲರಿಗೂ ಹೇಳಿ ಆಗಿದೆ, ಪ್ರಿನ್ಸಿಪಾಲರೂ ಬರ್ತಿದ್ದಾರೆ. ಐದೇ ನಿಮಿಷ. ಒಂದು ನಮಸ್ಕಾರ, ಒಂದು ಫೋಟೋ. ಹಳೇದನ್ನ ಕೆದಕೋದ್ರಿಂದ ನಿಮ್ಮಜ್ಜಿಗೂ ನೋವೇ ಅಲ್ವಾ? ಹಾಂ, ವಾರ್ಡನ್ ಹತ್ರ ಮಾತಾಡಿದ್ದೀನಿ. ನಿಂಗೆ ಸೀಟು ಇದೆ ಅಂದ್ರು."

ಥ್ಯಾಂಕ್ಯೂ ಅಂದೆ. ಅಂದುಬಿಟ್ಟೆ.

ಅಜ್ಜಿಗೆ, ಆ ಹೊತ್ತಿಗೆ ಬೇರೆ ಕಡೆ ಹೋಗಿರಿ ಅಂದೆ. "ನನ್ನ ಮನೆ ಬಿಟ್ಟು ನಾನೆಲ್ಲಿಗೆ ಹೋಗ್ಲಿ? ಬರೋರು ಬರ್ಲಿ. ತೆಗೆಯೋದು ಬಿಡೋದು ನನ್ನ ಕೈಲಿದೆ." ಆದರೆ ಚಪ್ಪಲಿಯನ್ನು ಎರಡು ಸಲ ಸರಿ ಮಾಡಿಟ್ಟರು. ನನ್ನದನ್ನೂ ತಂದು ಪಕ್ಕದಲ್ಲೇ ಇಟ್ಟರು.

ಆಗಸ್ಟ್ 12

ಆಯಿತು. ಕ್ರಮವಾಗಿ ಬರೆಯಲು ನೋಡುತ್ತೇನೆ.

ಪ್ರದರ್ಶನ ಮುಗಿಸಿ ಎಲ್ಲರೂ ನಡೆದುಕೊಂಡೇ ಬಂದೆವು. ಪ್ರಿನ್ಸಿಪಾಲರು, ಮೇಡಂ, ಕ್ಯಾಮರಾದವನು, ನಾಲ್ಕೈದು ಮುದುಕರು. ಬಿಸ್ಕತ್ತು ಸಾಹೇಬ ನಾನು ಅಂದುಕೊಂಡ ಹಾಗಿರಲಿಲ್ಲ. ಕುಳ್ಳ, ಕಿವಿಯಲ್ಲಿ ಯಂತ್ರ, ಕಂಕುಳಲ್ಲಿ ಬಿಸ್ಕತ್ತಿನ ಡಬ್ಬ. ದಾರಿಯುದ್ದಕ್ಕೂ ನಗುತ್ತಿದ್ದ. ಅಂಥವನಿಗೆ ಹೆದರಲು ನಾಚಿಕೆಯಾಗಬೇಕು. ಆದರೂ ಅವನ ಪಕ್ಕದಲ್ಲಿ ನಡೆಯುವಾಗ ನನ್ನ ಕಣ್ಣು ಅವನ ತೋಳಿನ ಮೇಲೇ ಹೋಗುತ್ತಿತ್ತು.

ಬೀದಿಯ ತುದಿಯಲ್ಲಿ ಮೇಡಂ ಎಲ್ಲರನ್ನೂ ನಿಲ್ಲಿಸಿ, ಇಲ್ಲಿಯ ಪದ್ಧತಿ ಬೇರೆ, ಈ ಹುಡುಗಿ ಕೂಗುತ್ತಾಳೆ, ಆಮೇಲೆ ಹೋಗೋಣ ಅಂತ ಇಂಗ್ಲಿಷಿನಲ್ಲಿ ಹೇಳಿದರು. ಸಾಹೇಬನಿಗೆ ಕೇಳಿಸಲಿಲ್ಲವೋ ಏನೋ. ನಡೆಯುತ್ತಲೇ ಇದ್ದ. ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಅಚ್ಚು, ನಾನೇ ಮೊದಲ ವಾರ ಪಕ್ಕದ ಮನೆಗೆ ನುಗ್ಗಿದ್ದೆ. ಅವನು ಯಾರನ್ನೂ ಕೇಳಲಿಲ್ಲ. ನೇರ ನಮ್ಮ ಬಾಗಿಲಿಗೆ ಹೋದ. ಬೆರಳು ಮಡಿಸಿ ಬಡಿದ.

ಮೆಲ್ಲಗೆ. ಮೂರು ಸಲ.

ಒಳಗಿನ ರೇಡಿಯೊ ನಿಂತಿತು. ಪಕ್ಕದ ಮನೆ ನಿಂತಿತು. ಗುಂಡಿ ಅತ್ತೆಯ ಯಂತ್ರ ನಿಂತಿತು. ಆ ಮೇಲಿನ ಸಾಲು, ಈ ಕೆಳಗಿನ ಸಾಲು, ಒಂದೊಂದೇ ಮನೆ ಆರಿಹೋದ ಹಾಗೆ. ಮೊದಲ ದಿನ ನಾನು ಬಾಗಿಲ ಮುಂದೆ ನಿಂತಿದ್ದಾಗ ಇದು ಇಷ್ಟು ಜೋರಾಗಿ ಕೇಳಿಸಿರಲಿಲ್ಲ. ಇವತ್ತು ನಾನು ತಪ್ಪು ಕಡೆ ನಿಂತಿದ್ದೆ. ಅವರ ಕಡೆ.

ಕ್ಯಾಮರಾದವನು ಬಾಗಿಲಿಗೆ ಗುರಿಯಿಟ್ಟ. ಮೇಡಂ ನನ್ನ ಬೆನ್ನು ಮುಟ್ಟಿ "ಕೂಗಮ್ಮ, ಕೂಗು, ನಿನ್ನ ದನಿ ಕೇಳಿದ್ರೆ ತೆಗೀತಾರೆ" ಅಂದರು.

ತೆಗೆಯುತ್ತಾಳೆ, ನಿಜ. ನನ್ನ ದನಿ ಕೇಳಿದರೆ ತೆಗೆಯುತ್ತಾಳೆ. ಬಡಿದವನಿಗೇ ತೆಗೆದುಬಿಡುತ್ತಾಳೆ.

"ಅಜ್ಜೀ!" ಅಂದೆ. "ನಾನು ಕಣೇ! ನಾನೇ! ತೆಗೀಬೇಡ!"

ಎಷ್ಟು ಜೋರಾಗಿತ್ತೋ ಗೊತ್ತಿಲ್ಲ. ಆಮೇಲೆ ಗಂಟಲು ಉರಿಯಿತು.

ಸಾಹೇಬ ನನ್ನ ಕಡೆ ತಿರುಗಿದ. ಇದು ಕೇಳಿಸಿರಬೇಕು. ಮನೆಯಲ್ಲಿ ಇಲ್ಲವೇ ಎಂದ.

ಇದ್ದಾರೆ, ತೆಗೆಯುವುದಿಲ್ಲ, ಅಂದೆ.

ಯಾಕೆ?

ನೀವು ಬಡಿದಿರಿ, ಅಂದೆ.

ಅವನು ತನ್ನ ಕೈ ನೋಡಿಕೊಂಡ. ಆಮೇಲೆ ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಬಹಳ ಮೃದುವಾಗಿ ಕೇಳಿದ: ಇದು ಎಲೆಕ್ಟ್ರಿಷಿಯನ್ನನ ಮನೆ ಅಲ್ಲವೇ?

ಅವನು ಕೇಳಿದ್ದೂ ನಾವು ಹೇಳಿದ್ದೂ ಲಾಂಡ್ರಿಯ ಹೆಂಗಸು ಅಂತ ಮಾತ್ರ. ಅವನು ಅಷ್ಟಕ್ಕೇ ನಿಲ್ಲಿಸಿದ. ಮೇಡಂ ಓಡಿಬಂದು, ಅಜ್ಜಿಗೆ ಮೈ ಹುಷಾರಿಲ್ಲ, ಮಲಗಿದ್ದಾರೆ, ಅಂದರು. ಸಾಹೇಬ ಡಬ್ಬವನ್ನು ಹೊಸ್ತಿಲ ಮೇಲಿಟ್ಟ. ಬಗ್ಗಿದವನಿಗೆ ಏಳಲು ಆಗಲಿಲ್ಲ, ಯಾರೋ ತೋಳು ಹಿಡಿದು ಎತ್ತಿದರು. ಹೊರಟರು. ಮೇಡಂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಓಣಿಯಿಂದ ಹಿತ್ತಲಿಗೆ ಓಡಿದೆ. ಅಜ್ಜಿ ಒಗೆಯುವ ಕಲ್ಲಿನ ಹಿಂದೆ ಕೂತಿದ್ದಳು, ಚಪ್ಪಲಿ ಕಾಲಲ್ಲಿ, ನನ್ನ ಚಪ್ಪಲಿ ಕೈಯಲ್ಲಿ.

"ಹೋದ್ರಾ?"

"ಹೋದ್ರು." ಪಕ್ಕದಲ್ಲಿ ಕೂತೆ. ಆಮೇಲೆ ಹೇಳಿದೆ, ಎಲೆಕ್ಟ್ರಿಷಿಯನ್ನನ ಮನೆ ಅಲ್ವಾ ಅಂತ ಕೇಳಿದ ಅಂತ. "ಅವನಿಗೆ ಏನೋ ಗೊತ್ತು ಅಜ್ಜಿ. ಹೇಳೋಕೇ ಬಂದಿದ್ದನೇನೋ. ನಾನು ತೆಗೀಬೇಡ ಅಂದುಬಿಟ್ಟೆ."

ಅಜ್ಜಿ ನನ್ನ ಚಪ್ಪಲಿಯನ್ನು ನೆಲಕ್ಕಿಟ್ಟಳು. ಎದ್ದು ಬೀದಿಗೆ ಓಡಿಹೋಗುತ್ತಾಳೆ ಅನ್ನಿಸಿತು. ಹೋಗಲಿಲ್ಲ.

"ಹೇಳೋಕೆ ಬಂದಿದ್ರೆ ಬಾಯಿ ಬಿಟ್ಟು ಹೇಳ್ತಿದ್ದ" ಅಂದಳು. "ಬಡೀತಿರ್ಲಿಲ್ಲ."

ಆಗಸ್ಟ್ 13

ಸೀಟು ಬೇರೆ ಹುಡುಗಿಗೆ ಹೋಯಿತಂತೆ. ಹೋಗಲಿ, ಇಲ್ಲಿ ಬಟ್ಟೆ ಬೇಗ ಒಣಗುತ್ತದೆ.

ಬಿಸ್ಕತ್ತನ್ನು ಯಾರೂ ತಿನ್ನಲಿಲ್ಲ. ಡಬ್ಬ ಮಾತ್ರ ಗುಂಡಿ ಅತ್ತೆ ಕೇಳಿ ಇಸಿದುಕೊಂಡು ಹೋದರು, ಗುಂಡಿ ಹಾಕಿಡಲು.

ಆಗಸ್ಟ್ 27

ಮೂರು ದಿನ ರಜೆ ಅಂತ ಅಮ್ಮ ಹೇಳದೆ ಕೇಳದೆ ಬಂದಿದ್ದಾಳೆ. ಬಂದದ್ದು ಖುಷಿಯೇ, ಬಂದ ರೀತಿ ಮಾತ್ರ ಸರಿಯಿಲ್ಲ.

ಮಧ್ಯಾಹ್ನ ನಾನು ಹಾಲು ಕಾಯಿಸುತ್ತಿದ್ದೆ, ಅಜ್ಜಿ ಒಳಗೆ ಮಲಗಿದ್ದಳು. ಸೊಳ್ಳೆ ಕಾಟಕ್ಕೆ ಕಿಟಕಿಗಳನ್ನೆಲ್ಲ ಮುಚ್ಚಿದ್ದೆ. ಬಾಗಿಲು ಬಡಿದ ಸದ್ದು. ಒಲೆ ಆರಿಸಿದೆ. ರೇಡಿಯೊ ಆರಿಸಿದೆ. ಅಜ್ಜಿಯನ್ನು ಎಬ್ಬಿಸಿ, ಕೈ ಹಿಡಿದು ಹಿತ್ತಲ ಬಾಗಿಲವರೆಗೆ ಕರೆದುಕೊಂಡು ಹೋದೆ, ಅವಳಿಗೆ ಚಪ್ಪಲಿ ಮೆಟ್ಟಿಸಿದೆ. ಮತ್ತೆ ಬಡಿದರು. ಆಚೆ ಗುಂಡಿ ಅತ್ತೆಯ ಯಂತ್ರವೂ ನಿಂತಿತು. ಎಲ್ಲ ಸರಿಯಾಗಿಯೇ ಮಾಡಿದೆ, ಒಂದು ಮರೆತೆ: ಮೊಬೈಲು. ಅದು ಅಡುಗೆಮನೆಯಲ್ಲಿ ಬಡಿದುಕೊಳ್ಳತೊಡಗಿತು. ಮುಂಬಾಗಿಲ ಆಚೆಯಿಂದ ಅಮ್ಮನ ದನಿ:

"ಚಿನ್ನು, ಎಲ್ಲಿದ್ದೀಯ? ಎಷ್ಟು ಹೊತ್ತಿಂದ ಬಾಗಿಲು ಬಡೀತಿದ್ದೀನಿ, ಫೋನ್ ಒಳಗೇ ರಿಂಗಾಗ್ತಿದೆ, ಯಾಕೆ ತೆಗೀತಿಲ್ಲ?"

ನಾನು ಓಣಿಯಿಂದ ಸುತ್ತಿಕೊಂಡು ಹೋಗಿ ಮೂಲೆಯಿಂದ ನೋಡಿದೆ. ಬ್ಯಾಗು ಹಿಡಿದು ಬಿಸಿಲಲ್ಲಿ ಅಮ್ಮನೇ ನಿಂತಿದ್ದಳು. ಅವಳ ಹಿಂದಿನ ಬೀದಿಯನ್ನೂ ಒಮ್ಮೆ ನೋಡಿದೆ, ಖಾಲಿ ಇತ್ತು.

"ಬಾಯಿಲ್ವಾ ನಿಂಗೆ?" ಅಂದೆ.

ಅಮ್ಮ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯನ್ನು ನೋಡುವ ಹಾಗೆ ನನ್ನ ಮುಖ ನೋಡಿದಳು, ಕೈ ಹಿಡಿದು ನಾಡಿ ನೋಡಿದಳು. ಒಳಗೆ ಕರೆದುಕೊಂಡು ಬಂದೆ, ಹಿತ್ತಲ ಕಡೆಯಿಂದ. ಅಜ್ಜಿ ಕೂಡ ನನ್ನನ್ನೇ ನೋಡುತ್ತಿದ್ದಳು.

ಅಮ್ಮನಿಗೆ ಪ್ರಯಾಣದ ಆಯಾಸ, ಅಷ್ಟೇ. ಹಾಲು ಮತ್ತೆ ಕಾಯಿಸಲು ಇಟ್ಟೆ. ಕಡ್ಡಿ ಗೀರಿದರೆ ಆರಿತು. ಇನ್ನೊಂದು ಗೀರಿದೆ, ಅದೂ ಆರಿತು. ಕಿಟಕಿಗಳೆಲ್ಲ ಮುಚ್ಚಿಯೇ ಇವೆ, ಆದರೂ ಗಾಳಿ ಇರಬೇಕು.